ದುರ್ಯೋಧನನ ಪಾತ್ರ: ಹಳಗನ್ನಡ ಕಾವ್ಯದ ವಿದ್ಯಾರ್ಥಿ ಓದು ಮತ್ತು ಪಾತ್ರವಿಮರ್ಶೆಯ ಚರಿತ್ರೆ

ಹಳಗನ್ನಡ ಕಾವ್ಯವನ್ನು ಪಠ್ಯವಾಗಿ ಓದಿದ ವಿದ್ಯಾರ್ಥಿಗಳು ಒಂದಲ್ಲ ಒಂದು ಸಂದರ್ಭದಲ್ಲಿ ಪಾತ್ರವನ್ನು ಕುರಿತ ಪ್ರಶ್ನೆಯನ್ನು ಎದುರಿಸಿಯೇ ಇರುತ್ತಾರೆ. ಕರ್ಣನ ಪಾತ್ರವನ್ನು ಚಿತ್ರಿಸಿ, ದುರ್ಯೋಧನನ ಸ್ವಭಾವವನ್ನು ವಿವೇಚಿಸಿ, ಗದಾಯುದ್ಧದ ನಾಯಕನಾರೆಂಬುದನ್ನು ನಿರ್ಣಯಿಸಿ ಎಂಬ ಬಗೆಯ ಪ್ರಶ್ನೆಗಳು ಕನ್ನಡ ಅಧ್ಯಯನದ ಸಹಜ ಅಂಗವೆಂಬಂತೆ ಬಳಕೆಯಲ್ಲಿವೆ. ಆದರೆ ಕಾವ್ಯವನ್ನು ಅದರೊಳಗಿನ ವ್ಯಕ್ತಿಗಳ ಮೂಲಕ ಓದುವ ಈ ಕ್ರಮಕ್ಕೆ ತನ್ನದೇ ಆದ ಚರಿತ್ರೆಯುಂಟು. ರನ್ನನ ಗದಾಯುದ್ಧವನ್ನು ನಿದರ್ಶನವಾಗಿಟ್ಟುಕೊಂಡು ನೋಡಿದರೆ, ಈ ಕ್ರಮವು ತರಗತಿಗೆ ತಂದ ಲಾಭವೂ ಅದರಿಂದ ಆದ ನಷ್ಟವೂ ಸ್ಪಷ್ಟವಾಗುತ್ತವೆ.

1. ಶಾಸ್ತ್ರದ ನಾಯಕ, ಪ್ರತಿನಾಯಕ

ಪ್ರಾಚೀನ ಅಲಂಕಾರಶಾಸ್ತ್ರದಲ್ಲಿ ಪಾತ್ರಗಳ ವಿವೇಚನೆ ಇಲ್ಲದಿರಲಿಲ್ಲ. ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂಬ ನಾಲ್ಕು ಬಗೆಯ ನಾಯಕರನ್ನು ಶಾಸ್ತ್ರಕಾರರು ಗುರುತಿಸಿದ್ದರು. 10ನೆಯ ಶತಮಾನದ ಧನಂಜಯನ 'ದಶರೂಪಕ'ವು ಪ್ರತಿನಾಯಕನನ್ನು ಲೋಭಿ, ಉದ್ಧತ, ಹಟಮಾರಿ, ಪಾಪಿ, ವ್ಯಸನಿ ಎಂದು ಲಕ್ಷಣೀಕರಿಸುತ್ತದೆ. ಅದಕ್ಕೆ ವ್ಯಾಖ್ಯಾನ ಬರೆದ ಧನಿಕನು ರಾಮನಿಗೆ ರಾವಣನನ್ನೂ ಯುಧಿಷ್ಠಿರನಿಗೆ ದುರ್ಯೋಧನನನ್ನೂ ಉದಾಹರಣೆಯಾಗಿ ಕೊಡುತ್ತಾನೆ. ಇಲ್ಲಿ ವ್ಯಕ್ತಿಗಿಂತ ವರ್ಗ ಮುಖ್ಯ. ಪಾತ್ರವು ರಸಕ್ಕೆ ಅಧೀನವಾದ ಅಂಗವೇ ಹೊರತು ಸ್ವತಂತ್ರವಾದ ಪರಿಶೀಲನೆಗೆ ಒಳಗಾಗುವ ವ್ಯಕ್ತಿತ್ವವಲ್ಲ.

ಅದೇ ಶತಮಾನದ ಕನ್ನಡ ಕವಿಗಳ ನಡೆ ಬೇರೆಯದಾಗಿತ್ತು. ಕ್ರಿ.ಶ. 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ ಪಂಪನು ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ್ದಾನೆ. ಆದರೂ ಭಾರತದ ವೀರರಲ್ಲಿ ಸ್ಮರಣೆಗೆ ಮೊದಲು ಅರ್ಹನಾದವನು ಕರ್ಣನೆಂಬ ಭಾವವನ್ನು ಅವನು ಮರೆಮಾಡುವುದಿಲ್ಲ. ಕಾವ್ಯದ ಕೊನೆಯಲ್ಲಿ ಒಬ್ಬೊಬ್ಬ ವೀರನನ್ನು ಒಂದೊಂದು ಗುಣಕ್ಕೆ ಮೇಲ್ಪಂಕ್ತಿಯಾಗಿ ನಿಲ್ಲಿಸುವ ಪದ್ಯದಲ್ಲಿ ಛಲಕ್ಕೆ ದುರ್ಯೋಧನನನ್ನೂ ಸತ್ಯಕ್ಕೆ ಕರ್ಣನನ್ನೂ ಹೆಸರಿಸುತ್ತಾನೆ. ಶಾಸ್ತ್ರದಲ್ಲಿ ಪ್ರತಿನಾಯಕನಾದವನು ಇಲ್ಲಿ ಗುಣದ ಮಾದರಿಯಾಗುತ್ತಾನೆ. ಕನ್ನಡದಲ್ಲಿ ಪಾತ್ರವಿಮರ್ಶೆಯ ಬೀಜವನ್ನು ಈ ಪದ್ಯದಲ್ಲಿಯೇ ಗುರುತಿಸಬಹುದು.

2. ರನ್ನನ ಸಂಕಲ್ಪ ಮತ್ತು ಕಾವ್ಯದ ನಡೆ

ರನ್ನನ ಕಾವ್ಯಕ್ಕೆ 'ಸಾಹಸಭೀಮ ವಿಜಯ'ವೆಂಬ ಹೆಸರೂ ಉಂಟು. ಚಾಲುಕ್ಯ ತೈಲಪನ ಮಗನಾದ ಇರಿವಬೆಡಂಗ ಸತ್ಯಾಶ್ರಯನನ್ನು ಕವಿಯು ಭೀಮನೊಡನೆ ಅಭೇದವಾಗಿ ಕಲ್ಪಿಸಿದ್ದಾನೆ. ಕೊನೆಯಲ್ಲಿ ಪಟ್ಟಾಭಿಷೇಕವಾಗುವುದೂ ಭೀಮನಿಗೇ. ಕವಿಯ ಸಂಕಲ್ಪದಂತೆ ನಾಯಕನಾರೆಂಬ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಆದರೆ ಕಾವ್ಯದ ಬಹುಭಾಗ ನಡೆಯುವುದು ದುರ್ಯೋಧನನ ಹೆಜ್ಜೆಗಳನ್ನು ಹಿಂಬಾಲಿಸಿ. ಸಂಜಯನೊಡನೆ ರಣಭೂಮಿಯಲ್ಲಿ ನಡೆಯುತ್ತ ಅವನು ದ್ರೋಣನನ್ನು, ಅಭಿಮನ್ಯುವನ್ನು, ಮಗ ಲಕ್ಷಣಕುಮಾರನನ್ನು, ದುಶ್ಶಾಸನನನ್ನು, ಕರ್ಣನನ್ನು ಹೆಣಗಳಾಗಿ ಕಾಣುತ್ತಾನೆ. ಶತ್ರುಪಕ್ಷದ ಬಾಲಕನಾದ ಅಭಿಮನ್ಯುವಿನ ಶೌರ್ಯವನ್ನು ಕೊಂಡಾಡಿ ತನಗೂ ಅಂತಹ ಮರಣ ದೊರೆಯಲೆಂದು ಬಯಸುತ್ತಾನೆ. ತಂದೆತಾಯಿಗಳು ಸಂಧಿಯ ಮಾತನ್ನಾಡಿದರೂ ಅವನು ಒಪ್ಪುವುದಿಲ್ಲ. ತಾನು ಕಾದುತ್ತಿರುವುದು ನೆಲಕ್ಕಲ್ಲ, ಛಲಕ್ಕೆ ಎಂಬುದು ಶರಶಯ್ಯೆಯಲ್ಲಿದ್ದ ಭೀಷ್ಮನ ಮುಂದೆ ಅವನ ನಿಲುವು. ಪಿತಾಮಹನ ಮಾತಿನಂತೆ ವೈಶಂಪಾಯನ ಸರೋವರವನ್ನು ಹೊಕ್ಕವನು ಭೀಮನ ಗರ್ಜನೆಯನ್ನು ಕೇಳಿ ಸಹಿಸಲಾರದೆ ಹೊರಬರುತ್ತಾನೆ. ನಡೆದುಹೋದ ಕಥೆಯನ್ನು ಸಿಂಹಾವಲೋಕನ ಕ್ರಮದಿಂದ ಹಿಂದಿರುಗಿ ನೋಡುವ ವಿಧಾನವು ಸೋತವನ ನೆನಪಿಗೆ ಹೆಚ್ಚಿನ ಅವಕಾಶವನ್ನು ಒದಗಿಸಿದೆ. ದುರ್ಯೋಧನನನ್ನು ಅನುಕಂಪದಿಂದ ಕಂಡ 'ಊರುಭಂಗ'ದ ಪ್ರಭಾವವನ್ನೂ ವಿದ್ವಾಂಸರು ಇಲ್ಲಿ ಗುರುತಿಸಿದ್ದಾರೆ. ಕವಿಯ ಪ್ರತಿಜ್ಞೆ ಒಂದು ಕಡೆ, ಕಾವ್ಯದ ಒಲವು ಇನ್ನೊಂದು ಕಡೆ ಎಂಬ ಈ ದ್ವಂದ್ವವೇ ಮುಂದೆ ತರಗತಿಯ ಚರ್ಚೆಗೆ ವಸ್ತುವಾಯಿತು.

3. ಹೊಸ ಓದಿನ ಉದಯ

ಬಿ.ಎಲ್. ರೈಸ್ ಅವರು 1898ರಲ್ಲಿ ಪಂಪಭಾರತವನ್ನು ಅಚ್ಚು ಹಾಕಿಸಿದುದು, ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಹೊರಬಂದುದು, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡುದು ಹಳೆಯ ಕಾವ್ಯಗಳು ವಿದ್ಯಾರ್ಥಿಗಳ ಕೈಸೇರಲು ನೆರವಾದವು. ಆದರೆ ಓದುವ ದೃಷ್ಟಿಯನ್ನು ಬದಲಿಸಿದುದು ಇಂಗ್ಲಿಷ್ ತರಗತಿ. ಎ.ಸಿ. ಬ್ರಾಡ್ಲೆಯವರು 1904ರಲ್ಲಿ ಪ್ರಕಟಿಸಿದ ಷೇಕ್ಸ್‌ಪಿಯರನ ದುರಂತ ನಾಟಕಗಳ ಮೇಲಣ ಉಪನ್ಯಾಸಗಳು, ನಾಯಕನ ಪತನಕ್ಕೆ ಅವನ ಸ್ವಭಾವದಲ್ಲಿಯೇ ಕಾರಣವನ್ನು ಅರಸುವುದನ್ನು ಒಂದು ತಲೆಮಾರಿನ ಅಧ್ಯಾಪಕರಿಗೆ ಕಲಿಸಿದ್ದವು.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ಮತ್ತು ಇಂಗ್ಲಿಷ್ ರುದ್ರನಾಟಕಗಳ ಪರಿಚಯದಿಂದ ಹಳಗನ್ನಡದ ಕಡೆಗೆ ತಿರುಗಿದರು. ನಾಗಚಂದ್ರನ ರಾವಣನನ್ನು ದುರಂತ ನಾಯಕನೆಂದು ಪ್ರತಿಪಾದಿಸಿ ಅವರು ಇಂಗ್ಲಿಷಿನಲ್ಲಿ ಪ್ರಬಂಧ ಬರೆದರು. ರನ್ನನ ಚಂಪುವನ್ನು 1926ರಲ್ಲಿ 'ಗದಾಯುದ್ಧ ನಾಟಕಂ' ಆಗಿ ರೂಪಿಸಿದರು. ಕಾವ್ಯದೊಳಗೆ ಅಡಗಿದ್ದ ದುರಂತವು ಇದರಿಂದ ರಂಗದ ಬೆಳಕಿಗೆ ಬಂದಿತು.

1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಟಿ.ಎಸ್. ವೆಂಕಣ್ಣಯ್ಯನವರ ಶಿಷ್ಯರಾಗಿದ್ದ ಮೊದಲ ತಂಡದಲ್ಲಿ ಕುವೆಂಪು ಮತ್ತು ಡಿ.ಎಲ್. ನರಸಿಂಹಾಚಾರ್ ಇದ್ದರು. ಒಬ್ಬರು ಕಾವ್ಯದರ್ಶನದ ಕಡೆಗೆ, ಇನ್ನೊಬ್ಬರು ಗ್ರಂಥಸಂಪಾದನೆಯ ಕಡೆಗೆ ನಡೆದರು. ಒಂದೇ ತರಗತಿಯಿಂದ ಹೊರಟ ಈ ಎರಡು ದಾರಿಗಳು ಮುಂದಿನ ಕನ್ನಡ ಅಧ್ಯಯನದ ಎರಡು ಕಣ್ಣುಗಳಾದವು. ಕುವೆಂಪು ಅವರು 1949ರಲ್ಲಿ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಗುರುಗಳಾದ ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಅದರಲ್ಲಿ ರಾವಣನ ಚೇತನ ಪರಿವರ್ತನೆಗೆ ತೆರೆದುಕೊಳ್ಳುತ್ತದೆ. ಮಂಥರೆಗೂ ಕರುಣೆಯ ಪಾಲು ದೊರೆಯುತ್ತದೆ. ಪ್ರತಿನಾಯಕನೊಳಗೆ ಮನುಷ್ಯನನ್ನು ಹುಡುಕಿದ ಒಂದು ಕಾಲದ ಓದು ಇಲ್ಲಿ ಸೃಷ್ಟಿಯಾಗಿ ಫಲಿಸಿದೆ.

4. ಉತ್ತರಪತ್ರಿಕೆಯ ಪಾತ್ರಚಿತ್ರಣ

ಈ ಹೊಸ ಓದು ವಿದ್ಯಾರ್ಥಿಗೆ ಒಂದು ಬಗೆಯ ಸ್ವಾತಂತ್ರ್ಯವನ್ನು ಕೊಟ್ಟಿತು. ಕವಿಯು ಭೀಮನನ್ನು ನಾಯಕನೆಂದು ಘೋಷಿಸಿದ್ದರೂ ಕಾವ್ಯದ ಆಧಾರದಿಂದಲೇ ಆ ಮಾತನ್ನು ಪ್ರಶ್ನಿಸುವ ಅವಕಾಶ ಅವನಿಗೆ ದೊರೆಯಿತು. ಪದಗಳ ಅರ್ಥ, ಛಂದಸ್ಸು, ಅಲಂಕಾರಗಳನ್ನು ಒಪ್ಪಿಸುವುದಷ್ಟೇ ಆಗಿದ್ದ ಅಭ್ಯಾಸದ ಜೊತೆಗೆ ಸ್ವತಂತ್ರವಾಗಿ ತೀರ್ಪು ನೀಡುವ ಹೊಣೆಯೂ ಸೇರಿತು.

ಆದರೆ ಪರೀಕ್ಷೆಯ ಚೌಕಟ್ಟಿನಲ್ಲಿ ಇದು ಕ್ರಮೇಣ ಗಟ್ಟಿಕಟ್ಟಿತು. ಸಂಗ್ರಹ ರೂಪದ ಪಠ್ಯಗಳು ದೀರ್ಘ ಕಾವ್ಯಗಳನ್ನು ವಿದ್ಯಾರ್ಥಿಗೆ ಎಟುಕುವಂತೆ ಮಾಡಿದವು. ತೀ.ನಂ. ಶ್ರೀಕಂಠಯ್ಯನವರ ಗದಾಯುದ್ಧ ಸಂಗ್ರಹ, ವೆಂಕಣ್ಣಯ್ಯ ಮತ್ತು ಎ.ಆರ್. ಕೃಷ್ಣಶಾಸ್ತ್ರಿಗಳ ಹರಿಶ್ಚಂದ್ರಕಾವ್ಯ ಸಂಗ್ರಹ ಈ ದೃಷ್ಟಿಯಿಂದ ಮಹತ್ತ್ವದ ಕೆಲಸಗಳು. ಮುಂದೆ ಬಂದ ಮಾರ್ಗದರ್ಶಿ ಪುಸ್ತಕಗಳು ಮಾತ್ರ ಸಂಗ್ರಹವನ್ನೂ ಮತ್ತೆ ಸಂಗ್ರಹಿಸಿದವು. ಛಲವಂತ, ಸ್ನೇಹಪರ, ಗುಣಗ್ರಾಹಿ, ಅಭಿಮಾನಿ ಎಂಬ ಪಟ್ಟಿಯೊಂದನ್ನು ಬರೆದರೆ ದುರ್ಯೋಧನನ ಪಾತ್ರಚಿತ್ರಣ ಮುಗಿಯಿತು. ಶಾಸ್ತ್ರದ ವರ್ಗೀಕರಣದಿಂದ ಬಿಡುಗಡೆ ಹೊಂದಿದ ಪಾತ್ರ ಹೊಸದೊಂದು ವರ್ಗೀಕರಣದೊಳಗೆ ಸಿಕ್ಕಿಬಿದ್ದಿತು.

ಈ ಪಟ್ಟಿಯ ಮೊದಲ ಮಾತಾದ 'ಛಲ'ವನ್ನೇ ಪರಿಶೀಲಿಸಬಹುದು. ಸಂಸ್ಕೃತದಲ್ಲಿ ಛಲವೆಂದರೆ ವಂಚನೆ, ನೆಪ. ಇಂದಿನ ಕನ್ನಡದಲ್ಲಿ ಅದು ಹಟಕ್ಕೂ ಸಲ್ಲುತ್ತದೆ, ಮೆಚ್ಚುಗೆಗೆ ಅರ್ಹವಾದ ದೃಢತೆಗೂ ಸಲ್ಲುತ್ತದೆ. ಪಂಪ ರನ್ನರಲ್ಲಿ ಅದು ವೀರನ ಸಂಕಲ್ಪ. ಹಿಡಿದುದನ್ನು ಬಿಡದ ನಿಷ್ಠೆ. ಕರ್ಣ ದುಶ್ಶಾಸನರನ್ನು ಕಳೆದುಕೊಂಡವನ ಬಾಯಲ್ಲಿ ಅದಕ್ಕೆ ದುಃಖದ ಭಾರವೂ ಸೇರುತ್ತದೆ. ಅವರಿಲ್ಲದ ನೆಲವನ್ನು ಆಳುವುದು ಅವನಿಗೆ ಬೇಡವಾಗಿದೆ. ಒಂದು ಪದದ ಅರ್ಥಚರಿತ್ರೆಯನ್ನು ಅರಿಯದೆ ಆ ವ್ಯಕ್ತಿಯ ಸ್ವಭಾವವನ್ನು ಅರಿಯಲಾಗದು. ಪಾತ್ರವಿಮರ್ಶೆಯೂ ಶಬ್ದಾರ್ಥ ವಿವೇಚನೆಯೂ ಬೇರೆ ಬೇರೆ ಎಂಬ ಭಾವನೆ ಇಲ್ಲಿ ನಿಲ್ಲುವುದಿಲ್ಲ.

ಇಂಗ್ಲೆಂಡಿನಲ್ಲಿಯೂ ಇದೇ ಬಗೆಯ ಆಕ್ಷೇಪ ಎದ್ದಿತ್ತು. ಐ.ಎ. ರಿಚರ್ಡ್ಸ್ ಅವರು ಕವಿಯ ಹೆಸರಿಲ್ಲದ ಕವನಗಳನ್ನು ಕೇಂಬ್ರಿಜ್ ವಿದ್ಯಾರ್ಥಿಗಳಿಗೆ ಕೊಟ್ಟು, ಅವರ ಬರಹಗಳನ್ನು ವಿಶ್ಲೇಷಿಸಿ 1929ರಲ್ಲಿ ಗ್ರಂಥವಾಗಿಸಿದರು. ಸಿದ್ಧಪ್ರತಿಕ್ರಿಯೆಗಳು ಓದಿಗೆ ಹೇಗೆ ಅಡ್ಡಬರುತ್ತವೆಂಬುದು ಅದರಿಂದ ಬೆಳಕಿಗೆ ಬಂದಿತು. 1933ರಲ್ಲಿ ಎಲ್.ಸಿ. ನೈಟ್ಸ್ ಅವರು ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳೆಂಬ ವ್ಯಂಗ್ಯಪ್ರಶ್ನೆಯನ್ನೇ ಪ್ರಬಂಧದ ಶೀರ್ಷಿಕೆಯಾಗಿಸಿ, ನಾಟಕದ ವ್ಯಕ್ತಿಗಳನ್ನು ಕಾವ್ಯಭಾಷೆಯಿಂದ ಬಿಡಿಸಿ ಲೋಕದ ವ್ಯಕ್ತಿಗಳಂತೆ ಚರ್ಚಿಸುವುದನ್ನು ಟೀಕಿಸಿದರು. ಕನ್ನಡದಲ್ಲಿಯೂ ನವ್ಯ ವಿಮರ್ಶೆ ಕೃತಿಯ ಭಾಷೆ ಮತ್ತು ಬಂಧಕ್ಕೆ ಹೆಚ್ಚಿನ ಗಮನ ನೀಡಿತು. ಪರೀಕ್ಷೆಯ ಪಾತ್ರಚಿತ್ರಣದ ಮೇಲೆ ಇದರ ಪರಿಣಾಮ ಮಿತವಾಗಿತ್ತು.

5. ಸಮಾರೋಪ

ದುರ್ಯೋಧನನನ್ನು ದುರಂತ ನಾಯಕನೆಂದು ಓದಿದುದು ಪಾಶ್ಚಾತ್ಯ ಮಾದರಿಯ ಆರೋಪವೆಂದು ತಳ್ಳಿಹಾಕುವುದು ಸುಲಭ. ಆದರೆ ಎದುರಾಳಿಯಲ್ಲಿ ಘನತೆಯನ್ನು ಕಾಣುವ ದೃಷ್ಟಿ ಪಂಪನಲ್ಲಿಯೂ ರನ್ನನಲ್ಲಿಯೂ ಮೊದಲೇ ಇತ್ತು. ಬ್ರಾಡ್ಲೆಯವರ ಓದು ಅದನ್ನು ಕಾಣಲು ಒಂದು ನೆಪವನ್ನು ಒದಗಿಸಿತಷ್ಟೆ. ಕನ್ನಡ ತರಗತಿ ಹೊರಗಿನಿಂದ ಪಡೆದುದು ಪ್ರಶ್ನೆಯನ್ನು; ಉತ್ತರ ಕಾವ್ಯದೊಳಗೇ ಇದ್ದಿತು.

ನಾಯಕನು ಭೀಮನೋ ದುರ್ಯೋಧನನೋ ಎಂಬ ಪ್ರಶ್ನೆಗೆ ಒಂದೇ ಹೆಸರನ್ನು ಉತ್ತರವಾಗಿ ಕೊಟ್ಟರೆ ಗದಾಯುದ್ಧದ ಅರ್ಧಭಾಗ ಕೈಬಿಟ್ಟುಹೋಗುತ್ತದೆ. ಆಸ್ಥಾನಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಯೂ ಸೋತವನ ಪಕ್ಕದಲ್ಲಿ ನಡೆದ ಕವಿಯ ಇಬ್ಬಂದಿಯೇ ಆ ಕೃತಿಯ ಶಕ್ತಿ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಆ ಮನ್ನಣೆ ಹಳಗನ್ನಡಕ್ಕೆ ಗೌರವವನ್ನು ತರಬಲ್ಲುದು, ಓದುಗರನ್ನಲ್ಲ. ಗುಣಗಳ ಪಟ್ಟಿಯನ್ನು ಬದಿಗಿಟ್ಟು, ರಣಭೂಮಿಯ ಒಂದೊಂದು ಹೆಣದ ಮುಂದೆ ದುರ್ಯೋಧನನ ಮಾತು ಹೇಗೆ ಬದಲಾಗುತ್ತದೆಂಬುದನ್ನು ಪದ್ಯಪದ್ಯವಾಗಿ ವಿದ್ಯಾರ್ಥಿ ಗಮನಿಸುವಂತಾದರೆ, ಶ್ರೀಯವರ ಕಾಲದಲ್ಲಿ ಆರಂಭವಾದ ಆ ಓದು ಮುಂದಿನ ತಲೆಮಾರಿಗೂ ಸಲ್ಲುತ್ತದೆ.