ಆರಕ್ಷಕರ ಆಯ್ಕೆಯಲ್ಲಿ ಮನಃಪರೀಕ್ಷೆ

1829ರಲ್ಲಿ ಸರ್ ರಾಬರ್ಟ್ ಪೀಲನು ಲಂಡನ್ ಮಹಾನಗರಕ್ಕೆಂದು ನೂತನ ಪೊಲೀಸ್ ಪಡೆಯನ್ನು ಕಟ್ಟಿದಾಗ, ಅದನ್ನು ಸೇರಬಯಸಿದವನಲ್ಲಿ ಅಪೇಕ್ಷಿಸುತ್ತಿದ್ದುದು 35 ವರ್ಷ ಮೀರದ ವಯಸ್ಸು, ಐದಡಿ ಏಳಂಗುಲಕ್ಕೆ ಕಡಮೆಯಿಲ್ಲದ ಎತ್ತರ, ದೃಢಕಾಯ, ಓದುಬರಹದ ಬಲ್ಮೆ ಮತ್ತು ಸಚ್ಚಾರಿತ್ರ್ಯ. ಬುದ್ಧಿಯನ್ನು ಅಂಕಿಯಲ್ಲಿ ನಿರೂಪಿಸುವ ಸಾಧನವು ದೊರೆತುದು ಬಹುಕಾಲದ ಮೇಲೆ. ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸುವುದಕ್ಕಾಗಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯೇ ಅದರ ಮೂಲ.

ಆ ಪ್ರಶ್ನಾವಳಿಯನ್ನು ಅಮೆರಿಕಕ್ಕೆ ಹೊಂದುವಂತೆ ಪರಿಷ್ಕರಿಸಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲೂಯಿಸ್ ಟರ್ಮನ್ನನು, 1916ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದಲ್ಲಿ ಪೊಲೀಸ್ ಹಾಗೂ ಅಗ್ನಿಶಾಮಕ ಕೆಲಸಗಳಿಗೆ ಅರ್ಜಿ ಹಾಕಿದ್ದ 30 ಮಂದಿಯನ್ನು ಪರೀಕ್ಷಿಸಿ, ಅವರ ಬುದ್ಧಿಸೂಚ್ಯಂಕದ ಮಧ್ಯಮಾನ 84 ಎಂದು ಕಂಡು, 80ಕ್ಕಿಂತ ಕೆಳಗಿನವರನ್ನು ಸೇರಿಸಿಕೊಳ್ಳಲಾಗದೆಂದು ಸಲಹೆಯಿತ್ತನು. ಹೀಗೆ ಎಳೆಯರಿಗಾಗಿ ಹುಟ್ಟಿದ ಅಳತೆಗೋಲು ಬೆಳೆದ ಗಂಡಸರ ಜೀವನೋಪಾಯವನ್ನು ನಿರ್ಣಯಿಸಹೊರಟಿತು. ಮೂವತ್ತೇ ಮಂದಿಯ ಮೇಲೆ ನಡೆದ ಪರೀಕ್ಷೆಯಿಂದ ಅಷ್ಟು ಖಚಿತವಾದ ಗೆರೆಯನ್ನೆಳೆದುದು ದುಡುಕೆಂದೇ ನನ್ನ ಭಾವನೆ.

ಅದೇ ಪ್ರಾಂತದ ಬರ್ಕ್ಲಿ ಪಟ್ಟಣದ ಪೊಲೀಸ್ ಮುಖ್ಯಸ್ಥನಾಗಿದ್ದ ಆಗಸ್ಟ್ ವೋಲ್ಮರನ ಉತ್ಸಾಹ ಬೇರೆ ಬಗೆಯದು. ಪ್ರಾಥಮಿಕ ಶಿಕ್ಷಣಕ್ಕಿಂತ ಹೆಚ್ಚೇನೂ ಪಡೆಯದಿದ್ದ ಆತನು ವಿಶ್ವವಿದ್ಯಾನಿಲಯದ ತರುಣರನ್ನೇ ತನ್ನ ಪಡೆಗೆ ಕರೆತಂದು, ಪ್ರಥಮ ಮಹಾಯುದ್ಧದಲ್ಲಿ ಸೈನಿಕರಿಗೆಂದು ಸಿದ್ಧವಾದ ‘ಆರ್ಮಿ ಆಲ್ಫ’ ಬುದ್ಧಿಪರೀಕ್ಷೆಗೆ ಅಭ್ಯರ್ಥಿಗಳನ್ನು ಒಡ್ಡಿದುದಲ್ಲದೆ, ಅವರನ್ನು ಮನೋವೈದ್ಯರ ಪರಿಶೀಲನೆಗೂ ಒಳಪಡಿಸಿದನು. ಲಾಠಿಯನ್ನೂ ಪಿಸ್ತೂಲನ್ನೂ ಹಿಡಿಯುವ ಕೈಯ ಹಿಂದೆ ಎಂತಹ ಮನಸ್ಸಿದೆಯೆಂಬುದನ್ನು ಅರಿಯುವುದು ಪೌರರ ಹಕ್ಕೆಂಬ ಭಾವವು ಆತನ ಈ ವ್ಯವಸ್ಥೆಯಲ್ಲಿ ಅಂತರ್ಗತವಾಗಿದ್ದಿತು; ಆ ಕಾರಣದಿಂದಲೇ ಆತನು ಸ್ಮರಣಾರ್ಹನು.

ಆದರೆ 1922ರಲ್ಲಿ ಮನೋವಿಜ್ಞಾನಿ ಲೂಯಿಸ್ ಥರ್ಸ್ಟನ್ನನು ಡೆಟ್ರಾಯಿಟ್ ನಗರದ 358 ಪೊಲೀಸರಿಗೆ ಅದೇ ಆರ್ಮಿ ಆಲ್ಫ ಪರೀಕ್ಷೆಯನ್ನು ನಡೆಸಿದಾಗ ಕಂಡುದು ವಿಸ್ಮಯಕರವಾಗಿದ್ದಿತು: ಬೀದಿಯಲ್ಲಿ ಗಸ್ತು ತಿರುಗುವ ಪೇದೆಗಳಿಗಿಂತ ಅವರ ಮೇಲಣ ಸಾರ್ಜೆಂಟರ ಹಾಗೂ ಲೆಫ್ಟಿನೆಂಟರ ಸರಾಸರಿ ಅಂಕಗಳು ಕಡಮೆಯಾಗಿದ್ದುವು! ಚುರುಕುಬುದ್ಧಿಯವರು ತಮ್ಮ ಸಾಮರ್ಥ್ಯಕ್ಕೆ ಮನ್ನಣೆಯಿರುವ ಬೇರೆ ಉದ್ಯೋಗಗಳನ್ನು ಅರಸಿ ಪಡೆಯನ್ನು ಬಿಡುತ್ತಿರಬೇಕೆಂದು ಆತನು ಊಹಿಸಿದನು. ಅಂತಹವರನ್ನು ಉಳಿಸಿಕೊಳ್ಳುವ ಬಗೆಯೇನೆಂಬುದೇ ಆಗ ಕೇಳಬೇಕಾಗಿದ್ದ ಪ್ರಶ್ನೆ.

ಬುದ್ಧಿಯೊಂದೇ ಸಾಲದೆಂಬ ಅರಿವು ಬಲಿತಂತೆ ವ್ಯಕ್ತಿತ್ವದ ಪರೀಕ್ಷೆಗಳು ಬಂದುವು. 1943ರಲ್ಲಿ ಪ್ರಕಟವಾದ, ಐನೂರಕ್ಕೂ ಮಿಕ್ಕ ಹೇಳಿಕೆಗಳಿಗೆ ಸರಿ-ತಪ್ಪೆಂದು ಉತ್ತರಿಸಬೇಕಾದ ಮಿನೆಸೋಟ ಪ್ರಶ್ನಾವಳಿಯು ಮನೋರೋಗಿಗಳ ಚಿಕಿತ್ಸಾಲಯದಲ್ಲಿ ರೂಪುಗೊಂಡುದು; ವ್ಯಾಧಿಯ ಸುಳಿವನ್ನು ಹಿಡಿಯಲು ಅದು ಸಮರ್ಥವಾದರೂ, ತಾಳ್ಮೆ, ನಿಷ್ಪಕ್ಷಪಾತ, ದುರ್ಬಲರಲ್ಲಿ ಅನುಕಂಪ ಮೊದಲಾದ ಗುಣಗಳನ್ನು ತೂಗಲು ಹುಟ್ಟಿದುದಲ್ಲ.

ಡೆಟ್ರಾಯಿಟಿನ ಪ್ರಶ್ನೆಯು ಮುಕ್ಕಾಲು ಶತಮಾನದ ಮೇಲೆ ತಲೆಕೆಳಗಾಗಿ ಮರಳಿತು. 1996ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಲಂಡನ್ ನಗರದ ಪೊಲೀಸ್ ಅಭ್ಯರ್ಥಿಯೊಬ್ಬನು 50 ಪ್ರಶ್ನೆಗಳ ಬುದ್ಧಿಪರೀಕ್ಷೆಯಲ್ಲಿ 33 ಅಂಕ ಗಳಿಸಿದನು. ನಗರವು 20ರಿಂದ 27ರವರೆಗೆ ಅಂಕ ಪಡೆದವರನ್ನು ಮಾತ್ರ ಸಂದರ್ಶನಕ್ಕೆ ಕರೆಯುತ್ತಿದ್ದುದರಿಂದ ಆತನಿಗೆ ಕರೆ ಬರಲಿಲ್ಲ. ಅತಿಬುದ್ಧಿವಂತನು ಕೆಲಸದಲ್ಲಿ ಬೇಸತ್ತು ಬೇಗನೆ ಬಿಟ್ಟುಹೋದರೆ ತರಬೇತಿಯ ವೆಚ್ಚವು ವ್ಯರ್ಥವಾಗುವುದೆಂಬ ನಗರದ ವಾದವನ್ನು ಮೇಲ್ಮನವಿ ನ್ಯಾಯಾಲಯವು 2000ದಲ್ಲಿ ಅಂಗೀಕರಿಸಿತು. ಆ ನೀತಿ ವಿವೇಕಯುತವಲ್ಲದಿರಬಹುದು, ಆದರೆ ಸಂವಿಧಾನಕ್ಕೆ ವಿರುದ್ಧವಲ್ಲವೆಂಬುದು ನ್ಯಾಯಾಲಯದ ನಿಲುವು. ವಿವೇಕದ ಪ್ರಶ್ನೆಯನ್ನು ಇತ್ಯರ್ಥಗೊಳಿಸಬೇಕಾದ ಹೊಣೆ ನಗರದ ಮೇಲೆಯೇ ಉಳಿಯಿತು.