ಕೋಟೆ ಇಳಿದ ಮೇಲೆ ಪೇಟೆ

ಚಿತ್ರದುರ್ಗಕ್ಕೆ ಬರುವ ಪ್ರವಾಸಿಗರ ದಿನಚರಿ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್. ಬಿಸಿಲೇರುವ ಮುಂಚೆ ಕೋಟೆ ಹತ್ತುತ್ತಾರೆ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಮಧ್ಯಾಹ್ನ ಚಂದ್ರವಳ್ಳಿ, ಸಂಜೆಗೆ ಹಂಪಿಯ ದಾರಿ. ಒಂದು ರಾತ್ರಿ ಉಳಿದರೂ ಕೋಟೆ ಮುಂದಿನ ಮಯೂರ ದುರ್ಗ, ಇಲ್ಲವೇ ಬಸ್ ಸ್ಟ್ಯಾಂಡ್ ಸುತ್ತಲಿನ ಲಾಡ್ಜು. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿದಲ್ಲಿಗೆ ಕಥೆ ಮುಗಿಯಿತೆಂದು ಎಲ್ಲರೂ ನಂಬಿ ಹೋಗುತ್ತಾರೆ. ಮದಕರಿ ನಾಯಕನ ಆಳ್ವಿಕೆ ಮುಗಿಯಿತು, ನಿಜ. ಪೇಟೆಯಲ್ಲಿ ಜನ ಬಾಳುತ್ತಲೇ ಬಂದಿದ್ದಾರೆ.

ಹಳೆಯ ಪೇಟೆ ಬೆಳೆದದ್ದು ಕೋಟೆಯ ಹೊರಸುತ್ತಿನ ಒಳಗೇ. ರಂಗಯ್ಯನ ಬಾಗಿಲು ಇವತ್ತಿಗೂ ಊರ ನಡುವೆ ನಿಂತಿದೆ, ಅಲ್ಲೇ ಪುರಾತತ್ವ ವಸ್ತುಸಂಗ್ರಹಾಲಯವೂ ಇದೆ. ನೀರಿನ ಲೆಕ್ಕದಲ್ಲಂತೂ ಬೆಟ್ಟ, ಬೀದಿ ಎರಡೂ ಒಂದೇ ಸಂಸಾರ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುತ್ತದೆ. ಮಳೆ ಕಡಿಮೆಯ ಸೀಮೆಯಲ್ಲಿ ಬಂಡೆ ಮೇಲೆ ಬಿದ್ದ ಹನಿಯನ್ನು ಹೀಗೆ ನಡೆಸಿಕೊಂಡು ಬಂದವರ ಬುದ್ಧಿ ಏಳುಸುತ್ತಿನ ಗೋಡೆಗಿಂತ ದೊಡ್ಡದೆಂದು ನನ್ನ ಎಣಿಕೆ. ಗೋಡೆಯನ್ನು ಹೊಗಳುವವರು ಹೊಂಡದೊಳಗಿನ ಪ್ಲಾಸ್ಟಿಕ್ಕನ್ನೂ ಒಮ್ಮೆ ನೋಡಲಿ.

ಈ ಸೀಮೆಯ ಹಳೇ ಮನೆ ಎಂದರೆ ಮಾಳಿಗೆ ಮನೆ. ದಪ್ಪ ಗೋಡೆ, ಕಂಬ, ತೊಲೆ, ಜಂತೆ. ಜಂತೆಗಳ ಮೇಲೆ ಬಂದ್ರೆ ಸೊಪ್ಪು ಹಾಸಿ, ಮಣ್ಣು ಮೆತ್ತಿ, ಮೇಲೊಂದು ಪದರ ಕರಲು ಮಣ್ಣು. ಕರಲು ನೀರನ್ನು ಒಳಗೆ ಬಿಡದೆ ಜಾರಿಸಿಬಿಡುತ್ತದೆ. ಮುಂಗಾರಿಗೆ ಮುಂಚೆ ಅದನ್ನು ಹೊಸದಾಗಿ ಹಾಕಿಸದಿದ್ದರೆ ರಾತ್ರಿಯೆಲ್ಲ ಸೋರುವ ಕಡೆಗೆ ಪಾತ್ರೆ ಇಡುತ್ತ ಕೂರಬೇಕು. ಬೆಳಕು ಇಳಿಯುವುದು ಗವಾಕ್ಷಿಯಿಂದ. ಹಳ್ಳಿಯ ಒಕ್ಕಲು ಮನೆಯಾದರೆ ಹೊಸ್ತಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ, ಗೋದಲಿ; ಎತ್ತರದ ಪಡಸಾಲೆಯಲ್ಲಿ ಜನ. ಸೂರು ಮಾತ್ರ ಒಂದೇ. ಪಡಸಾಲೆಯಾಚೆ ನಡುಮನೆ, ದೇವರಮನೆ, ಕತ್ತಲ ಅಡುಗೆಮನೆ, ಹಿತ್ತಲು. ಏಪ್ರಿಲ್ಲಿನಲ್ಲಿ ಕೋಟೆಯ ಬಂಡೆ ಕಾಲು ಸುಡುವಾಗ ಒಳಗೆ ತಂಪು. ಇರುಳು ಮಾಳಿಗೆ ಹತ್ತಿ ಚಾಪೆ ಹಾಸಿದರೆ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತದೆ. ಫ್ಯಾನಿನ ಮಾತೇ ಬರುವುದಿಲ್ಲ.

ಇಂಥ ಮನೆಗಳಲ್ಲಿ ಪ್ರವಾಸಿಗರು ಬಾಡಿಗೆ ಕೊಟ್ಟು ಉಳಿಯುವಂತಾಗಬೇಕು. ಪರಸ್ಥಳದವರನ್ನು ಉಳಿಸಿಕೊಳ್ಳುವುದು ಇಲ್ಲಿಗೆ ಹೊಸದೇನಲ್ಲ. ದಾರಿಹೋಕರು ಜಗುಲಿಯಲ್ಲಿ ಮಲಗುತ್ತಿದ್ದರು, ಮಠಗಳಲ್ಲಿ ದಾಸೋಹವಿತ್ತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕೋತ್ಸವಕ್ಕೆ ಬಂದವರನ್ನು ಮಠ ಈಗಲೂ ಉಣಿಸುತ್ತದೆ. ಆದರೆ ಮನೆಯ ಆತಿಥ್ಯಕ್ಕೆ ಒಂದು ಗೆರೆಯಿತ್ತು: ಜಗುಲಿಗೆ ಯಾರು, ಪಡಸಾಲೆಗೆ ಯಾರು, ನಡುಮನೆಗೆ ಯಾರು ಎನ್ನುವುದನ್ನು ಕುಲ ಕೇಳಿಯೇ ತೀರ್ಮಾನಿಸುತ್ತಿದ್ದರು. ಬಾಡಿಗೆ ಕೊಟ್ಟು ಉಳಿಯುವ ಪದ್ಧತಿಯ ದೊಡ್ಡ ಗುಣವೆಂದರೆ ಆ ಪ್ರಶ್ನೆ ಕೇಳುವ ಹಕ್ಕು ಮನೆಯವರಿಗಿಲ್ಲ. ಹಳೇ ಮನೆಯನ್ನು ಉಳಿಸೋಣ, ಹಳೇ ಗೆರೆ ಅಳಿಯಲಿ.

ಆಗುವ ಕೆಲಸವೇ ಎಂದು ಕೇಳುವವರು ತುಂಗಭದ್ರೆಯ ದಡದ ಆನೆಗೊಂದಿಗೆ ಹೋಗಿ ಬರಲಿ. ಅಲ್ಲಿ ಕಿಷ್ಕಿಂಧಾ ಟ್ರಸ್ಟ್‌ನವರು ಹಳ್ಳಿಯ ಹಳೇ ಮನೆಗಳನ್ನು ರಿಪೇರಿ ಮಾಡಿಸಿ ಅತಿಥಿಗಳಿಗೆ ಬಿಟ್ಟಿದ್ದಾರೆ. ಸಂಡೂರಿನಲ್ಲಿ ಘೋರ್ಪಡೆ ಮನೆತನದ ಶಿವವಿಲಾಸ ಅರಮನೆಯೇ ಹೋಟೆಲಾಗಿದೆ. ಅರಮನೆಯ ಮಾತು ನಮಗೆ ಬೇಡ, ಆನೆಗೊಂದಿಯ ಮಾದರಿ ಸಾಕು.

ಬರುವ ಜನಕ್ಕೂ ಕೊರತೆಯಿಲ್ಲ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟನ್ನೇ ತೆಗೆದುಕೊಳ್ಳಿ. 1898ರಲ್ಲಿ ಕೆಲಸ ಶುರುವಾಗಿ 1907ಕ್ಕೆ ಮುಗಿದ ಈ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ, ಮತ್ತೆ ತುಂಬಿದ್ದು 2022ರಲ್ಲಿ. ಕೋಡಿ ನೋಡಲು ಜನ ಹಿಂಡು ಹಿಂಡಾಗಿ ಬಂದರು. ಅವರಲ್ಲಿ ನಾಲ್ಕು ಮಂದಿಗೆ ಹತ್ತಿರದ ಮಾಳಿಗೆ ಮನೆಯೊಂದರಲ್ಲಿ ಮುದ್ದೆ, ಸೊಪ್ಪಿನ ಸಾರು, ಶೇಂಗಾ ಚಟ್ನಿ ಸಿಕ್ಕಿದ್ದರೆ, ವೇದಾವತಿಗೆ ಕಟ್ಟೆ ಕಟ್ಟಿದ ಕಥೆಯನ್ನು ಮನೆಯ ಅಜ್ಜನೇ ಹೇಳುತ್ತಿದ್ದ. ಹೊಳಲ್ಕೆರೆಯ ಬಯಲು ಗಣಪತಿ ನೋಡಲು ಬಂದವರೂ ಕೈಮುಗಿದು ಹಾಗೇ ಮುಂದಕ್ಕೆ ಹೋಗುತ್ತಾರೆ. ಅಡಿಕೆ ತೋಟದ ನಡುವಿನ ಮನೆಗೆ ಅವರನ್ನು ಕರೆಯುವವರಿಲ್ಲ.

ತೊಡಕಿಲ್ಲವೆಂದಲ್ಲ. ಮಾಳಿಗೆ ಕಟ್ಟಬಲ್ಲ ಕೈಗಳು ಕಡಿಮೆಯಾಗಿವೆ, ಅಣ್ಣತಮ್ಮಂದಿರ ಪಾಲು ಮುಗಿದಿರುವುದಿಲ್ಲ, ಬಚ್ಚಲು-ಕಕ್ಕಸಿಗೆ ಜಾಗ ಹೊಂದಿಸಬೇಕು. ಕೆಡವಿ ಅಂಗಡಿ ಸಾಲು ಕಟ್ಟಿದರೆ ತಿಂಗಳ ಬಾಡಿಗೆ ಖಾತ್ರಿ. ಮನೆಯವರನ್ನು ದೂರಿ ಫಲವಿಲ್ಲ. ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಬಾಳಿದ ಮನೆಯನ್ನು ಸ್ಮಾರಕವಾಗಿಸಲು ಸರ್ಕಾರ ಕೈಹಾಕಿದೆ, ಒಳ್ಳೆಯದು. ಹೆಸರುವಾಸಿಗಳು ಹುಟ್ಟದ ಮನೆಗಳಿಗೆ ಸ್ಮಾರಕ ಬೇಡ. ಕರಲು ಹಾಕಿಸಲು, ತೊಲೆ ಬದಲಿಸಲು ಒಂದಿಷ್ಟು ಸಾಲ, ಹೋಮ್‌ಸ್ಟೇ ಪರವಾನಗಿಗೆ ಕಚೇರಿ ಅಲೆದಾಡಿಸದ ಒಬ್ಬ ಅಧಿಕಾರಿ ಸಿಕ್ಕರೆ ಸಾಕು. ಪ್ರವಾಸೋದ್ಯಮ ಇಲಾಖೆಯೂ ನಗರಸಭೆಯೂ ಮೊದಲು ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಉಳಿದಿರುವ ಹಳೇ ಮನೆಗಳ ಪಟ್ಟಿ ಮಾಡಲಿ. ಇನ್ನು ಕೋಟೆ ನೋಡಲು ಬರುವವರು, ಇಳಿದ ಮೇಲೆ ಒಂದು ಗಂಟೆ ಆ ಬೀದಿಗಳಲ್ಲಿ ನಡೆಯಿರಿ, ಜಗುಲಿಯಲ್ಲಿ ಯಾರಾದರೂ ಕೂತಿದ್ದರೆ ಮಾತಾಡಿಸಿ.