ಮಿಂಗಸ್: ಏಟು ತಿಂದವರೇ ಮತ್ತೆ ಬಂದು ನುಡಿಸಿದರು

ಇವತ್ತು ಒಬ್ಬ ಸಂಗೀತಗಾರರ ಬಗ್ಗೆ ಮಾತಾಡೋಣ. ಅವರ ಜೊತೆ ನುಡಿಸಿದವರಲ್ಲಿ ಕೆಲವರ ಪಾಲಿಗೆ ಅವರು ಗುರು, ಕೆಲವರ ಪಾಲಿಗೆ ಜಗಳಗಂಟ, ಇನ್ನು ಕೆಲವರ ಪಾಲಿಗೆ ಎರಡೂ ಹೌದು. ಹೆಸರು ಚಾರ್ಲ್ಸ್ ಮಿಂಗಸ್. ಅಮೆರಿಕದ ಜಾಝ್ ಸಂಗೀತದ ದೊಡ್ಡ ಬೇಸ್ ವಾದಕ, ಅಷ್ಟೇ ದೊಡ್ಡ ಸಂಯೋಜಕ. ಜಾಝ್ ಕೇಳಿ ಅಭ್ಯಾಸ ಇಲ್ಲ ಅಂತ ಯಾರೂ ಹಿಂಜರಿಯಬೇಡಿ. ಈ ಕಥೆಗೆ ಬೇಕಾಗಿರೋದು ಜನರ ಮಾತನ್ನು ಪೂರ್ತಿಯಾಗಿ ಕೇಳುವ ತಾಳ್ಮೆ, ಅಷ್ಟೇ.

ಮೊದಲು ವಾದ್ಯದ ಬಗ್ಗೆ ಎರಡು ಮಾತು. ಡಬಲ್ ಬೇಸ್ ಅಂದರೆ ಆಳೆತ್ತರದ ತಂತಿವಾದ್ಯ. ತಂಡದ ಹಿಂದೆ ನಿಂತು ಲಯವನ್ನೂ ಕೆಳಗಿನ ಸ್ವರಗಳನ್ನೂ ಹಿಡಿದುಕೊಂಡಿರುತ್ತೆ. ಮುಂದೆ ನಿಂತು ಮೆಚ್ಚುಗೆ ಗಿಟ್ಟಿಸೋದು ಸ್ಯಾಕ್ಸೋಫೋನು, ಟ್ರಂಪೆಟ್ಟು. ಮಿಂಗಸ್ ಈ ಹಿಂದಿನ ಜಾಗದಲ್ಲಿ ನಿಂತೇ ಇಡೀ ತಂಡವನ್ನು ನಡೆಸಿದರು.

ಅವರು ಹುಟ್ಟಿದ್ದು 1922ರ ಏಪ್ರಿಲ್ 22ರಂದು, ಅರಿಝೋನಾದ ನೊಗಾಲೆಸ್‌ನಲ್ಲಿ. ಬೆಳೆದದ್ದು ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯಲ್ಲಿ. ಹುಡುಗನಾಗಿದ್ದಾಗ ಕಲಿತದ್ದು ಚೆಲ್ಲೊ. ಆದರೆ ಆ ಕಾಲದ ಅಮೆರಿಕದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದಗಳ ಬಾಗಿಲು ಕರಿಯರಿಗೆ ಮುಚ್ಚಿತ್ತು. ಚೆಲ್ಲೊ ಹಿಡಿದರೆ ಹೊಟ್ಟೆ ತುಂಬೋದಿಲ್ಲ, ಬೇಸ್ ಹಿಡಿ ಅಂತ ಗೆಳೆಯ ಬಡ್ಡಿ ಕಾಲೆಟ್ ಸಲಹೆ ಕೊಟ್ಟರು. ಅಂದರೆ ಮಿಂಗಸ್ ಕೈಗೆ ಬೇಸ್ ಬಂದದ್ದರ ಹಿಂದೆಯೇ ಒಂದು ಅನ್ಯಾಯ ಇದೆ. ಇದನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಈಗ ಸಾಕ್ಷಿಗಳ ಕಡೆ ಬರೋಣ.

1953ರಲ್ಲಿ ಮಿಂಗಸ್‌ಗೆ ಡ್ಯೂಕ್ ಎಲಿಂಗ್ಟನ್ ಅವರ ತಂಡದಲ್ಲಿ ಜಾಗ ಸಿಕ್ಕಿತು. ಚಿಕ್ಕಂದಿನಿಂದ ಅವರು ಆರಾಧಿಸುತ್ತಿದ್ದವರು ಎಲಿಂಗ್ಟನ್. ಆದರೆ ಅಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ತಂಡದ ಟ್ರಾಂಬೋನ್ ವಾದಕ ಹುವಾನ್ ಟಿಝೋಲ್ ಜೊತೆ ಮಾತಿಗೆ ಮಾತು ಬೆಳೆದು ಹೊಡೆದಾಟವೇ ಆಯಿತು. ಯಾರು ಯಾರ ಮೇಲೆ ಏನು ಹಿಡಿದು ಹೋದರು ಅನ್ನೋದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ಮಿಂಗಸ್ 1971ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ತಪ್ಪೆಲ್ಲ ಟಿಝೋಲ್ ಅವರದು. ಆ ಪುಸ್ತಕದಲ್ಲಿ ಕಲ್ಪನೆ ಎಷ್ಟು, ನಡೆದದ್ದು ಎಷ್ಟು ಅಂತ ಬಿಡಿಸೋದು ಕಷ್ಟ, ಹಾಗಾಗಿ ನಾನು ಅದೊಂದನ್ನೇ ನಂಬಿ ಹೇಳೋದಿಲ್ಲ. ಎಲಿಂಗ್ಟನ್ ಮಿಂಗಸ್‌ರನ್ನು ತಂಡದಿಂದ ಬಿಡಿಸಿದರು ಅನ್ನೋದರಲ್ಲಿ ಮಾತ್ರ ಅನುಮಾನವಿಲ್ಲ. ಎಂಥ ಪುಂಡಾಟಿಕೆಯನ್ನೂ ಸಹಿಸಿಕೊಳ್ಳುತ್ತಿದ್ದ ಎಲಿಂಗ್ಟನ್ ಕೈಯಾರೆ ಯಾರನ್ನೂ ತೆಗೆಯುತ್ತಿದ್ದವರಲ್ಲ. ಆದರೆ 1962ರಲ್ಲಿ ಅದೇ ಎಲಿಂಗ್ಟನ್, ಮಿಂಗಸ್ ಮತ್ತು ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ಜೊತೆ ಕೂತು 'ಮನಿ ಜಂಗಲ್' ಆಲ್ಬಮ್ ಧ್ವನಿಮುದ್ರಿಸಿದರು. ಹೊರಗೆ ಹಾಕಿದವರೇ ಪಕ್ಕದಲ್ಲಿ ಕೂರಿಸಿಕೊಂಡರು.

ಎರಡನೇ ಸಾಕ್ಷಿ ಜ್ಯಾಕಿ ಮೆಕ್ಲೀನ್. ಆಲ್ಟೊ ಸ್ಯಾಕ್ಸೋಫೋನ್ ವಾದಕ. 1956ರ ಆರಂಭದಲ್ಲಿ 'ಪಿಥೆಕ್ಯಾಂಥ್ರೋಪಸ್ ಎರೆಕ್ಟಸ್' ಆಲ್ಬಮ್‌ನಲ್ಲಿ ನುಡಿಸಿದಾಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಆ ಕಾಲದ ಎಲ್ಲ ಹುಡುಗರ ಹಾಗೆ ಅವರೂ ಚಾರ್ಲಿ ಪಾರ್ಕರ್ ಅವರ ಛಾಯೆಯಲ್ಲಿ ನುಡಿಸುತ್ತಿದ್ದರು. ಮಿಂಗಸ್‌ಗೆ ಅದು ಬೇಡ. ನಿನ್ನದನ್ನು ನುಡಿಸು ಅಂತ ಪಟ್ಟು. ಕಾಗದದ ಮೇಲೆ ಬರೆದು ಕೊಡುವ ಬದಲು ಪಿಯಾನೊ ಮುಂದೆ ಕೂತು ನುಡಿಸಿ, ಬಾಯಲ್ಲಿ ಹಾಡಿ ಒಬ್ಬೊಬ್ಬರಿಗೂ ಅವರವರ ಭಾಗ ಕಲಿಸುತ್ತಿದ್ದರು. ಗುರುಮುಖದಿಂದ ಸಂಗೀತ ಕಲಿತವರಿಗೆ ಇದರಲ್ಲಿ ವಿಶೇಷ ಕಾಣಿಸದೇ ಇರಬಹುದು. ಆದರೆ ಮುಂದೆ ಹಾಳೆ ಇಟ್ಟುಕೊಂಡು ನುಡಿಸಿ ರೂಢಿಯಾದವರಿಗೆ ಅದು ಕಾಲ ಕೆಳಗಿನ ನೆಲ ಸರಿದ ಹಾಗೆ. ಮಿಂಗಸ್ ತಂಡಕ್ಕೆ 'ಜಾಝ್ ವರ್ಕ್‌ಶಾಪ್' ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಕೇಳುಗರ ಎದುರೇ ನಿಲ್ಲಿಸಿ, ತಿದ್ದಿ, ಮತ್ತೆ ಮೊದಲಿಂದ ನುಡಿಸಿದ್ದೂ ಉಂಟು.

ಅದೇ ಮೆಕ್ಲೀನ್‌ಗೆ ಮಿಂಗಸ್ ಒಮ್ಮೆ ಹೊಡೆದರು. ಮೆಕ್ಲೀನ್ ಚಾಕು ತೆಗೆದರು. ಅಲ್ಲಿಗೆ ಸಂಬಂಧ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ತನ್ನದೇ ದನಿ ಹುಡುಕುವಂತೆ ಮಾಡಿದವರು ಮಿಂಗಸ್ ಅಂತ ಮೆಕ್ಲೀನ್ ಆಮೇಲೂ ಹೇಳುತ್ತಾ ಬಂದರು. ಹಾಗಂತ ಏಟನ್ನು ಅವರು ಮುಚ್ಚಿಡಲೂ ಇಲ್ಲ.

ಮೂರನೆಯವರು ಡ್ಯಾನಿ ರಿಚ್ಮಂಡ್. ಮೊದಲು ಸ್ಯಾಕ್ಸೋಫೋನ್ ನುಡಿಸುತ್ತಿದ್ದವರು, ಆಮೇಲೆ ಡ್ರಮ್ಸ್‌ಗೆ ಬಂದರು. ಐವತ್ತರ ದಶಕದಲ್ಲಿ ಮಿಂಗಸ್ ಜೊತೆ ಸೇರಿದ ಅವರು, ನಡುವೆ ಕೆಲವು ಕಾಲ ಬಿಟ್ಟರೆ, ಕೊನೆಯವರೆಗೂ ಜೊತೆಗಿದ್ದರು. ಹಾಡಿನ ಮಧ್ಯೆ ಮಿಂಗಸ್ ದಿಢೀರನೆ ಲಯ ಏರಿಸಿದರೂ ಇಳಿಸಿದರೂ ರಿಚ್ಮಂಡ್ ನೆರಳಿನ ಹಾಗೆ ಹಿಂದೆಯೇ ಇರುತ್ತಿದ್ದರು. ಬರೀ ಭಯದಿಂದ ಒಬ್ಬ ಮನುಷ್ಯ ಇಪ್ಪತ್ತು ವರ್ಷ ಹಾಗೆ ನುಡಿಸೋಕೆ ಆಗುತ್ತಾ? ನನಗಂತೂ ಅನಿಸೋದಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ಸಾಕ್ಷಿ. ಜಿಮ್ಮಿ ನೆಪ್ಪರ್, ಟ್ರಾಂಬೋನ್ ವಾದಕ. 1957ರಿಂದ ಮಿಂಗಸ್ ಅವರ ಅತ್ಯುತ್ತಮ ಆಲ್ಬಮ್‌ಗಳಲ್ಲಿ ಅವರ ಟ್ರಾಂಬೋನ್ ಇದೆ. 1962ರ ಅಕ್ಟೋಬರ್ 12ರಂದು ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ಮಿಂಗಸ್ ಅವರ ದೊಡ್ಡ ತಂಡದ ಕಛೇರಿ ಇತ್ತು. ಕೃತಿ ದೊಡ್ಡದು, ಸಮಯ ಕಡಿಮೆ. ಕಛೇರಿ ಶುರುವಾದ ಮೇಲೂ ವೇದಿಕೆಯ ಮೇಲೆ ಕೂತು ಸ್ವರಲಿಪಿ ನಕಲು ಮಾಡುತ್ತಿದ್ದರು ಅಂದರೆ ಗಡಿಬಿಡಿ ಎಷ್ಟಿತ್ತು ಅಂತ ಊಹಿಸಿ. ಅದಕ್ಕೆ ಮುಂಚಿನ ತಯಾರಿಯ ದಿನಗಳಲ್ಲಿ, ಮಿಂಗಸ್ ಅವರ ಮನೆಯಲ್ಲಿ, ಇನ್ನಷ್ಟು ಸಂಗೀತ ಬರೆದುಕೊಡು ಅಂತ ಮಿಂಗಸ್ ಕೇಳಿದರು. ಇದು ನಿಮ್ಮ ಸಂಗೀತ, ನೀವೇ ಬರೆಯಬೇಕು ಅಂತ ನೆಪ್ಪರ್ ಒಪ್ಪಲಿಲ್ಲ. ಮಿಂಗಸ್ ಅವರ ಬಾಯಿಗೆ ಗುದ್ದಿದರು.

ಟ್ರಾಂಬೋನ್ ನುಡಿಸುವವರಿಗೆ ಬಾಯಿ ಅಂದರೆ ಏನು ಗೊತ್ತಾ? ತುಟಿಯ ಬಿಗಿ, ಅದರ ಹಿಂದೆ ಹಲ್ಲಿನ ಆಸರೆ, ಇವೆರಡರಿಂದಲೇ ಸ್ವರ ಹುಟ್ಟುತ್ತೆ. ಪಿಟೀಲು ನುಡಿಸುವವರ ಎಡಗೈ ಬೆರಳು ಮುರಿದ ಹಾಗೆ ಇದು. ನೆಪ್ಪರ್ ಅವರ ಹಲ್ಲು ಮುರಿಯಿತು. ಮೇಲಿನ ಒಂದು ಸ್ಥಾಯಿಯಷ್ಟು ಸ್ವರಗಳು ಕೈತಪ್ಪಿದವು. ಅನ್ನ ಕೊಡುವ ಬಾಯಿಗೇ ಬಿದ್ದ ಏಟು. ಅವರು ನ್ಯಾಯಾಲಯಕ್ಕೆ ಹೋದರು. 1963ರಲ್ಲಿ ಮಿಂಗಸ್ ತಪ್ಪಿತಸ್ಥರು ಅಂತ ತೀರ್ಪು ಬಂತು, ಆದರೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು, ಜೈಲಿಗೆ ಹೋಗಲಿಲ್ಲ.

ಮಿಂಗಸ್ ಅಭಿಮಾನಿಗಳು ಇಲ್ಲಿ ಒಂದು ಮಾತು ಹೇಳ್ತಾರೆ: ಅವರ ಸಿಟ್ಟು ವರ್ಣಭೇದದ ವಿರುದ್ಧದ ಸಿಟ್ಟು, ಅದಿಲ್ಲದಿದ್ದರೆ ಆ ಸಂಗೀತವೂ ಇರುತ್ತಿರಲಿಲ್ಲ. ಮೊದಲ ಅರ್ಧ ನಿಜ. ಚೆಲ್ಲೊ ಬಿಡಬೇಕಾಗಿ ಬಂದ ಹುಡುಗನ ಸಿಟ್ಟು ಅದು. 1957ರಲ್ಲಿ ಲಿಟಲ್ ರಾಕ್ ಊರಿನ ಶಾಲೆಗೆ ಕರಿಯ ಮಕ್ಕಳು ಕಾಲಿಡದಂತೆ ಅರ್ಕನ್ಸಾ ರಾಜ್ಯಪಾಲ ಓರ್ವಲ್ ಫಾಬಸ್ ಸೈನಿಕರನ್ನು ನಿಲ್ಲಿಸಿದಾಗ, ಮಿಂಗಸ್ ಅವನನ್ನೇ ಗೇಲಿ ಮಾಡಿ 'ಫೇಬಲ್ಸ್ ಆಫ್ ಫಾಬಸ್' ರಚಿಸಿದರು. 1959ರ ಆಲ್ಬಮ್‌ನಲ್ಲಿ ಅದು ಬರೀ ವಾದ್ಯದಲ್ಲಿ ಬಂತು, 1960ರಲ್ಲಿ ಬೇರೆ ಕಂಪನಿಗೆ ಮಾತುಗಳ ಸಮೇತ ಧ್ವನಿಮುದ್ರಿಸಿದರು. ಆ ಸಿಟ್ಟಿಗೆ ನಾನು ತಲೆಬಾಗುತ್ತೇನೆ. ಆದರೆ ಫಾಬಸ್ ಮೇಲಿನ ಸಿಟ್ಟನ್ನು ನೆಪ್ಪರ್ ಅವರ ಹಲ್ಲಿನ ಲೆಕ್ಕಕ್ಕೆ ಬರೆಯೋಕೆ ಆಗೋದಿಲ್ಲ. ಅಧಿಕಾರದ ಎದುರು ನಿಂತು ಕೂಗೋದು ಬೇರೆ, ಸಂಬಳಕ್ಕೆ ತನ್ನ ಕೈಕೆಳಗೆ ದುಡಿಯುವವನಿಗೆ ಹೊಡೆಯೋದು ಬೇರೆ. ವಾದ್ಯವೃಂದದೊಳಗೆ ಅಧಿಕಾರ ಮಿಂಗಸ್ ಕೈಯಲ್ಲೇ ಇತ್ತು.

ಇನ್ನೊಂದು ಗುಂಪು ಇದೆ. ಇಂಥವರ ಸಂಗೀತ ಕೇಳಲೇಬಾರದು ಅನ್ನುವವರು. ಅವರಿಗೆ ಉತ್ತರ ಕೊಡೋಕೆ ನೆಪ್ಪರ್ ಅವರಿಗಿಂತ ಅರ್ಹರು ಯಾರಿದ್ದಾರೆ? ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅವರು ಮತ್ತೆ ಬಂದು ಮಿಂಗಸ್ ಜೊತೆ ನುಡಿಸಿದರು. 'ಕುಂಬಿಯಾ ಅಂಡ್ ಜಾಝ್ ಫ್ಯೂಷನ್' ಆಲ್ಬಮ್‌ನಲ್ಲಿ ಅವರ ಟ್ರಾಂಬೋನ್ ಕೇಳಬಹುದು. ಇದನ್ನು 'ಕ್ಷಮಿಸಿಬಿಟ್ಟರು, ಎಲ್ಲ ಸರಿಹೋಯಿತು' ಅಂತ ಓದೋದು ನಮ್ಮ ಅನುಕೂಲಕ್ಕೆ. ಕೋರ್ಟಿಗೆ ಹೋದ ನೆಪ್ಪರ್, ವಾಪಸ್ ಬಂದು ನುಡಿಸಿದ ನೆಪ್ಪರ್, ಇಬ್ಬರೂ ಒಬ್ಬರೇ. ಒಂದು ಮಾತು ಇನ್ನೊಂದನ್ನು ಅಳಿಸೋದಿಲ್ಲ. ಮಿಂಗಸ್ ವಿಷಯದಲ್ಲಿ ಸಂಗೀತಗಾರರು ಎರಡು ಪಂಗಡ ಅಂತ ಬರೆಯುವವರು ಇದನ್ನೇ ಮರೆಯುತ್ತಾರೆ: ಎಷ್ಟೋ ಸಲ ಎರಡು ಪಂಗಡವೂ ಒಬ್ಬನೇ ಮನುಷ್ಯನ ಒಳಗಿತ್ತು.

1977ರ ಕೊನೆಯಲ್ಲಿ ಮಿಂಗಸ್‌ಗೆ ಎ.ಎಲ್.ಎಸ್. ಇದೆ ಅಂತ ಗೊತ್ತಾಯಿತು. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಬೇಸ್ ಹಿಡಿಯೋಕೆ ಆಗದಾಗ ಟೇಪ್ ರೆಕಾರ್ಡರ್ ಮುಂದೆ ಹಾಡಿ ಸಂಯೋಜನೆ ಮಾಡಿದರು. ಬಾಯಲ್ಲಿ ಹಾಡಿ ಕಲಿಸುತ್ತಿದ್ದವರಿಗೆ ಕೊನೆಗೆ ಉಳಿದದ್ದೂ ಬಾಯಿಯೇ. 1979ರ ಜನವರಿ 5ರಂದು, ಮೆಕ್ಸಿಕೋದ ಕ್ವೆರ್ನವಾಕದಲ್ಲಿ ತೀರಿಕೊಂಡರು. ವಯಸ್ಸು 56. ವೇದಾಂತದಲ್ಲಿ ಅವರಿಗೆ ಯೌವನದಿಂದಲೂ ಆಸಕ್ತಿ ಇತ್ತು. ಅವರ ಇಚ್ಛೆಯಂತೆ ಹೆಂಡತಿ ಸೂ ಮಿಂಗಸ್ ಭಾರತಕ್ಕೆ ಬಂದು ಅಸ್ಥಿಯನ್ನು ಗಂಗೆಯಲ್ಲಿ ಬಿಟ್ಟರು.

ಗಂಗೆಯಲ್ಲಿ ಬಿಟ್ಟರೆ ಪಾಪ ಕಳೆಯುತ್ತೆ ಅಂತ ನಮ್ಮ ಹಿರಿಯರು ನಂಬಿದ್ದರು. ಇತಿಹಾಸ ಹೇಳುವವರಿಗೆ ಆ ಸೌಲಭ್ಯ ಇಲ್ಲ, ಎರಡೂ ಕಡೆಯ ಲೆಕ್ಕ ಇಟ್ಟಿರಲೇಬೇಕು. ಅದೇ 1979ರಲ್ಲಿ 'ಮಿಂಗಸ್ ಡೈನಾಸ್ಟಿ' ಅನ್ನೋ ತಂಡ ಅವರ ಕೃತಿಗಳನ್ನು ಧ್ವನಿಮುದ್ರಿಸಿತು. ಡ್ರಮ್ಸ್‌ನಲ್ಲಿ ಡ್ಯಾನಿ ರಿಚ್ಮಂಡ್, ಟ್ರಾಂಬೋನ್‌ನಲ್ಲಿ ಜಿಮ್ಮಿ ನೆಪ್ಪರ್. ಈಗ ಹೊಡೆಯುವವರೂ ಇಲ್ಲ, ನುಡಿಸು ಅಂತ ಗದರಿಸುವವರೂ ಇಲ್ಲ. ಆದರೂ ನುಡಿಸಿದರು.

ಕೇಳಬೇಕು ಅನಿಸಿದವರು 1959ರಲ್ಲಿ ಧ್ವನಿಮುದ್ರಣವಾದ 'ಬ್ಲೂಸ್ ಅಂಡ್ ರೂಟ್ಸ್'ನಿಂದ ಶುರು ಮಾಡಿ. ಮೆಕ್ಲೀನ್, ರಿಚ್ಮಂಡ್, ನೆಪ್ಪರ್ ಮೂವರೂ ಅದರಲ್ಲಿದ್ದಾರೆ, ನೆಪ್ಪರ್ ಅವರ ಬಾಯಿಗೆ ಆ ಏಟು ಬೀಳುವುದಕ್ಕೆ ಮೂರು ವರ್ಷ ಮೊದಲು. ಮೊದಲ ಸಲ ಬೇಸ್ ಕಡೆ ಕಿವಿ ಕೊಡಿ. ಎರಡನೇ ಸಲ ಟ್ರಾಂಬೋನ್ ಕಡೆ.